ಸೈನಿಕ ಸೇವೆಗೆ ದೊರೆತ ಭೂಮಿ: ಕರ್ನಾಟಕದಲ್ಲಿ ದತ್ತಿಯ ಇತಿಹಾಸ ಮತ್ತು ದಾಖಲೆಗಳ ಶೋಧ

ಯುದ್ಧದಲ್ಲಿ ಮೆರೆದ ಪರಾಕ್ರಮಕ್ಕೆ ಮೆಚ್ಚಿ, ರಣದಲ್ಲಿ ಮಡಿದವನ ಮನೆಯವರ ಪೋಷಣೆಗೆಂದು, ಅಥವಾ ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕೆಂಬ ಕರಾರಿನ ಮೇಲೆ ಆಳುವವರು ಯೋಧರಿಗೂ ಅವರ ವಂಶಕ್ಕೂ ಬಿಟ್ಟುಕೊಟ್ಟ ಜಮೀನುಗಳು ಕರ್ನಾಟಕದ ಎಲ್ಲ ಭಾಗಗಳಲ್ಲೂ ಇದ್ದವು. ಶಾಸನಗಳಲ್ಲಿ ಇವು ಬಾಳ್ಗಳ್ಚು, ಕಲ್ನಾಡು, ನೆತ್ತರುಕೊಡಗೆ ಎಂಬ ಹೆಸರುಗಳಲ್ಲಿ ಬರುತ್ತವೆ. ನಂತರದ ಕಾಲದ ಲೆಕ್ಕಪತ್ರಗಳಲ್ಲಿ ಅಮರ, ಉಂಬಳಿ, ಜಹಗೀರು, ಸರಂಜಾಮು, ಇನಾಂ, ಜಮ್ಮಾ ಎಂಬ ಹೆಸರುಗಳು ಕಾಣುತ್ತವೆ. ಹೆಸರು ಯಾವುದೇ ಇರಲಿ, ಇವೆಲ್ಲಕ್ಕೂ ಸಮಾನವಾದ ಒಂದು ಲಕ್ಷಣವಿದೆ. ಸಾಮಾನ್ಯ ರೈತ ತೆರುತ್ತಿದ್ದ ಕಂದಾಯವನ್ನು ಇಂಥ ಭೂಮಿ ಪೂರ್ತಿಯಾಗಿ ತೆರಬೇಕಿರಲಿಲ್ಲ. ರಾಜ್ಯ ಕೈಬದಲಾದಾಗಲೆಲ್ಲ ಹೊಸ ಸರ್ಕಾರ ಈ ರಿಯಾಯಿತಿ ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವ ಸೇವೆಗೆ ಕೊಟ್ಟರು ಎಂದು ವಿಚಾರಿಸಿತು. ಆ ವಿಚಾರಣೆಗಳಿಂದ ಹುಟ್ಟಿದ ಕಾಗದಪತ್ರಗಳೇ ಇಂದು ಪೂರ್ವಿಕರ ಜಮೀನನ್ನು ಹುಡುಕುವವರಿಗೆ ಮುಖ್ಯ ಆಕರ. ಆದ್ದರಿಂದ ಇಂಥ ಭೂಮಿಯ ಚರಿತ್ರೆಯನ್ನು ಅದರ ಕಂದಾಯದ ಚರಿತ್ರೆಯ ಮೂಲಕ ಓದುವುದೇ ಸರಿಯಾದ ಕ್ರಮ.

ಶಾಸನಕಾಲದ ದತ್ತಿಗಳು

ಸೈನಿಕ ಸೇವೆಗೆ ಭೂಮಿ ಕೊಡುವ ಪದ್ಧತಿಯ ಹಳಮೆಗೆ ಹಲ್ಮಿಡಿ ಶಾಸನವೇ ಸಾಕ್ಷಿ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ದೊರೆತ, ಸುಮಾರು ಕ್ರಿ.ಶ. 450ರದೆಂದು ಎಣಿಸಲಾಗುವ ಈ ಶಾಸನವು ಕದಂಬ ಕಾಲದ ಯುದ್ಧವೊಂದರಲ್ಲಿ ಹೋರಾಡಿದ ವಿಜ ಅರಸನಿಗೆ ಪಲ್ಮಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟದ್ದನ್ನು ದಾಖಲಿಸುತ್ತದೆ. ಯುದ್ಧ ಮುಗಿದ ಮೇಲೆ ವೀರನ ಬಾಳನ್ನು, ಅಂದರೆ ಕತ್ತಿಯನ್ನು, ತೊಳೆದು ಗೌರವಿಸಿ ಕೊಡುತ್ತಿದ್ದ ದತ್ತಿಗೆ ಬಾಳ್ಗಳ್ಚು ಎಂದು ಹೆಸರು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದೇ ಬಗೆಯ ದತ್ತಿಯನ್ನು ಇನ್ನಷ್ಟು ವಿವರವಾಗಿ ತೋರಿಸುತ್ತದೆ. ಶಕವರ್ಷ 872ರ ಸೌಮ್ಯ ಸಂವತ್ಸರದ ಈ ಕಲ್ಲು ತಕ್ಕೋಲದ ಯುದ್ಧದ ಕಾಲದ್ದು. ಆ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಅವನ ಪಕ್ಷದ ಗಂಗ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಸೋಲಿಸಿದರು. ಬೂತುಗನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆ ಮೊದಲಾದ ನಾಡುಗಳು ದೊರೆತವು. ಬೂತುಗ ತನ್ನ ಆಳು ಮಣಲೇರನಿಗೆ ಆತಕೂರನ್ನು ಬಾಳ್ಗಳ್ಚಾಗಿ ಕೊಟ್ಟ. ಮಣಲೇರ ಒಡೆಯನಿಂದ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಸೆಣಸಿ ಸತ್ತ ಸಂಗತಿಯೂ ಅದೇ ಕಲ್ಲಿನಲ್ಲಿದೆ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾಳಗದ ಚಿತ್ರವಿದೆ. ಚಕ್ರವರ್ತಿಯಿಂದ ಸಾಮಂತನಿಗೆ, ಸಾಮಂತನಿಂದ ಆಳಿಗೆ ಭೂಮಿ ಇಳಿದುಬರುತ್ತಿದ್ದ ಬಗೆಯನ್ನು ಒಂದೇ ಕಲ್ಲಿನಲ್ಲಿ ಕಾಣಲು ಸಿಗುವುದು ಈ ಶಾಸನದ ವಿಶೇಷ.

ಬೆಂಗಳೂರಿನ ಬೇಗೂರಿನಿಂದ ತಂದ ವೀರಗಲ್ಲು ಸುಮಾರು ಕ್ರಿ.ಶ. 900ರ ಆಸುಪಾಸಿನದು. ಗಂಗರ ಪಕ್ಷದಲ್ಲಿ ಕಾದಿ ಮಡಿದ ನಾಗತ್ತರನ ತರುವಾಯ ಇರುಗ ಎಂಬವನಿಗೆ ನಾಗತ್ತರ ಎಂಬ ಪಟ್ಟವನ್ನೂ ‘ಬೆಂಪೂರು ಹನ್ನೆರಡು’ ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿಯೂ ದೊರೆ ಎರೆಯಪ್ಪ ಕೊಟ್ಟನೆಂದು ಅದು ಹೇಳುತ್ತದೆ. ಬೆಂಪೂರೇ ಇಂದಿನ ಬೇಗೂರು. ಆತಕೂರು ಮತ್ತು ಬೇಗೂರಿನ ಕಲ್ಲುಗಳೆರಡೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ.

ಗಡಿಯ ಜಗಳದಲ್ಲೋ ತುರುಗೊಳ್‌ (ದನಗಳನ್ನು ಸೆಳೆದೊಯ್ಯುವ) ಕಾಳಗದಲ್ಲೋ ಸತ್ತವನ ಹೆಂಡತಿ ಮಕ್ಕಳಿಗೆ ಕೊಟ್ಟ ಭೂಮಿ ನೆತ್ತರುಕೊಡಗೆ. ಇದನ್ನು ಅರಸರಷ್ಟೇ ಕೊಡುತ್ತಿರಲಿಲ್ಲ. ಊರ ಗಾವುಂಡರೂ ಪ್ರಜೆಗಳೂ ಸೇರಿ ಕೊಟ್ಟದ್ದುಂಟು. ದತ್ತಿ ಸಣ್ಣದಾದಷ್ಟೂ ಅದರ ವಿವರ ಸ್ಥಳೀಯವಾಗಿರುತ್ತದೆ. ಯಾವ ಕೆರೆಯ ಕೆಳಗಿನ ಗದ್ದೆ, ಎಷ್ಟು ಕೊಳಗದ ಬೀಜವರಿ ಎಂಬುದನ್ನು ಹಲವು ಶಾಸನಗಳು ಹೇಳುತ್ತವೆ. ಆ ಕೆರೆ ಇಂದಿಗೂ ಅದೇ ಹೆಸರಿನಲ್ಲಿ ಉಳಿದಿದ್ದರೆ ದತ್ತಿಯ ಗದ್ದೆ ಯಾವ ಬಯಲಿನಲ್ಲಿತ್ತೆಂದು ಊಹಿಸಬಹುದು.

ವಿಜಯನಗರದಿಂದ ಮರಾಠರವರೆಗೆ

ವಿಜಯನಗರದ ಕಾಲಕ್ಕೆ ಸೈನಿಕ ಭೂಮಿಯ ಸ್ವರೂಪ ಬದಲಾಯಿತು. ಹಿಂದಿನ ದತ್ತಿ ಮುಖ್ಯವಾಗಿ ಆಗಿಹೋದ ಪರಾಕ್ರಮಕ್ಕೆ ಸಂದ ಗೌರವ. ಅಮರನಾಯಕರಿಗೆ ಸಿಕ್ಕ ಸೀಮೆ ಮುಂದಿನ ಸೇವೆಗೆ ಕೊಟ್ಟ ಮುಂಗಡ. ಸೀಮೆಯ ಹುಟ್ಟುವಳಿಯಲ್ಲಿ ನಾಯಕ ಇಂತಿಷ್ಟು ಕಾಲಾಳು, ಕುದುರೆ, ಆನೆಗಳನ್ನು ಸಾಕಿ, ಅರಮನೆಗೆ ನಿಗದಿಯಾದ ಹಣ ಸಲ್ಲಿಸಬೇಕಿತ್ತು. ಪೋರ್ಚುಗೀಸ್ ಪ್ರವಾಸಿ ನೂನಿಜ್ ಈ ಏರ್ಪಾಡನ್ನು ವಿವರಿಸಿದ್ದಾನೆ. ಕೇಂದ್ರದ ಹಿಡಿತ ಸಡಿಲಗೊಂಡಾಗ ಹಲವು ನಾಯಕರು ಪಾಳೆಯಗಾರರಾದರು. ಅವರು ತಮ್ಮ ದಂಡಿನ ಆಳುಗಳಿಗೆ ಹಾಕಿಕೊಟ್ಟ ಉಂಬಳಿಗಳೇ ಅನೇಕ ಊರುಗಳಲ್ಲಿ ನಂತರದ ಇನಾಂ ಜಮೀನುಗಳಿಗೆ ಮೂಲ.

ಆದಿಲ್‌ಶಾಹಿಗಳ ಕಾಲದಲ್ಲಿ ಜಹಗೀರು ಪದ್ಧತಿ ಬೇರೂರಿತು. 1638ರ ದಂಡಯಾತ್ರೆಯ ಬಳಿಕ ಬೆಂಗಳೂರು ಶಹಾಜಿಗೆ ಜಹಗೀರಾಗಿ ಬಂದದ್ದು ಇದರ ಪ್ರಸಿದ್ಧ ನಿದರ್ಶನ. ಮರಾಠರ ಆಳ್ವಿಕೆಯಲ್ಲಿ ಸೈನ್ಯ ಸಾಕುವುದಕ್ಕಾಗಿ ಕೊಟ್ಟ ಪ್ರದೇಶ ಸರಂಜಾಮು ಎನಿಸಿತು. ಪೇಶವೆಯವರಿಂದ ಪಟವರ್ಧನರು ಪಡೆದ ಸರಂಜಾಮಿನಿಂದಲೇ ಜಮಖಂಡಿ ಸಂಸ್ಥಾನ ಬೆಳೆಯಿತು. ಕೆಳಹಂತದಲ್ಲಿ, ಧಾರವಾಡ ಮತ್ತು ಬೆಳಗಾವಿ ಭಾಗಗಳ ಹಳ್ಳಿಗಳಲ್ಲಿ ಶೇತಸನದಿಗಳಿದ್ದರು. ಕೋಟೆ ಮತ್ತು ಗಡಿಯ ಕಾವಲಿಗೆ, ಪುಂಡರ ಹಾವಳಿ ಅಡಗಿಸಲು ನಿಂತ ಈ ಆಳುಗಳಿಗೆ ಸನದಿನ ಮೂಲಕ ಹೊಲ ಸಿಗುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಇವರನ್ನು ಹೋಲುವ ಸ್ಥಳೀಯ ಪಡೆಯೆಂದರೆ ಕಂದಾಚಾರದವರು. ಹೈದರಾಬಾದ್ ನಿಜಾಮರ ಆಡಳಿತದ ಭಾಗಗಳಲ್ಲಿ ಪಡೆ ಸಾಕಲು ಕೊಟ್ಟ ಪಾಯಗಾ ಜಹಗೀರುಗಳಿದ್ದವು.

ಕೊಡಗಿನ ಜಮ್ಮಾ ಭೂಮಿ

ಸೈನಿಕ ಸೇವೆಗೆ ಅಂಟಿಕೊಂಡ ಭೂಮಿ ಇಂದಿಗೂ ತನ್ನ ಹಳೆಯ ಹೆಸರಿನಲ್ಲೇ ದಾಖಲೆಗಳಲ್ಲಿ ಉಳಿದಿರುವುದು ಕೊಡಗಿನಲ್ಲಿ. ಹಾಲೇರಿ ಅರಸರ ಕಾಲದಲ್ಲಿ ಜಮ್ಮಾ ಹಿಡುವಳಿದಾರನಾದವನು ಅರಸನ ಕರೆಗೆ ಓಗೊಟ್ಟು ಸಂಬಳವಿಲ್ಲದೆ ಯುದ್ಧಕ್ಕೆ ಹೋಗಬೇಕಿತ್ತು, ಕಾವಲು ಕಾಯಬೇಕಿತ್ತು. ಪ್ರತಿಯಾಗಿ ಅವನ ಗದ್ದೆಗೆ ಕಂದಾಯ ಕಡಿಮೆ. ಸೇವೆಯ ಹೊಣೆಯಿಲ್ಲದ ಸಾಗು ಗದ್ದೆ ನೂರು ಭಟ್ಟಿ ಅಳತೆಗೆ 10 ರೂಪಾಯಿ ತೆತ್ತರೆ ಜಮ್ಮಾ ಗದ್ದೆ 5 ರೂಪಾಯಿ ತೆರುತ್ತಿತ್ತು. ಗದ್ದೆಗೆ ಹೊಂದಿಕೊಂಡ ಬಾಣೆಯನ್ನು ದನ ಮೇಯಿಸಲು, ಸೌದೆಗೆ, ಸೊಪ್ಪಿನ ಗೊಬ್ಬರಕ್ಕೆ ಕಂದಾಯವಿಲ್ಲದೆ ಬಳಸಬಹುದಿತ್ತು. ಈ ಹಕ್ಕು ವಂಶಪಾರಂಪರ್ಯವಾದುದು. ಆದರೆ ಜಮೀನನ್ನು ಇಷ್ಟಬಂದಂತೆ ಮಾರುವಂತಿರಲಿಲ್ಲ. ಕೊಡವರಲ್ಲದೆ ಅರೆಭಾಷೆ ಗೌಡರೂ ನಾಡಿನ ಇತರ ಕೆಲವು ಸಮುದಾಯದವರೂ ಜಮ್ಮಾ ಹಿಡುವಳಿದಾರರಾಗಿದ್ದರು.

ಲಿಂಗರಾಜನ (1811–1820) ಆಳ್ವಿಕೆಯಲ್ಲಿ ಭೂಮಿಯನ್ನು ಅಳೆದು ಶಿಸ್ತಿನ ಲೆಕ್ಕ ಬರೆಸಲಾಯಿತು. ಕಂದಾಯದ ನಿಯಮಗಳನ್ನು ಹುಕುಂನಾಮೆಯಲ್ಲಿ ಗೊತ್ತುಪಡಿಸಲಾಯಿತು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಜಮ್ಮಾ ಹಿಡುವಳಿಯನ್ನು ಮುಂದುವರಿಸಿದರು. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಅದಕ್ಕೆ ಕಾನೂನಿನ ಚೌಕಟ್ಟು ಕೊಟ್ಟಿತು. ಬಾಣೆಯ ಮೇಲೆ ಹಿಡುವಳಿದಾರನಿಗಿರುವುದು ಪೂರ್ಣ ಒಡೆತನವೇ, ಬಳಕೆಯ ಹಕ್ಕು ಮಾತ್ರವೇ ಎಂಬ ವಿವಾದ ಬಹುಕಾಲ ನಡೆಯಿತು. 1993ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಈ ಹಕ್ಕಿಗೆ ಮಿತಿಯಿದೆಯೆಂದು ಹೇಳಿತು. 2011ರ ಭೂಕಂದಾಯ ತಿದ್ದುಪಡಿ ಕಾಯ್ದೆಯು ಜಮ್ಮಾ ಬಾಣೆಯ ಒಡೆತನವನ್ನು ಹಿಡುವಳಿದಾರರ ಪರವಾಗಿ ಇತ್ಯರ್ಥಪಡಿಸಲು ಹೊರಟಿತು.

ಕೊಡಗಿನಲ್ಲಿ ಪೂರ್ವಿಕರ ಭೂಮಿಯನ್ನು ಗುರುತಿಸುವುದು ಇತರ ಕಡೆಗಿಂತ ಸುಲಭ. ಭೂಮಿ ವ್ಯಕ್ತಿಯದಲ್ಲ, ಒಕ್ಕದ್ದು, ಅಂದರೆ ಒಂದೇ ಮೂಲದ ಮನೆತನದ್ದು. ಒಕ್ಕದ ಹೆಸರು ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಉಳಿಯುತ್ತದೆ. ಒಕ್ಕದ ಮೂಲಮನೆಯಾದ ಐನ್‌ಮನೆ ಸಾಮಾನ್ಯವಾಗಿ ಜಮ್ಮಾ ಜಮೀನಿನಲ್ಲೇ ಇರುತ್ತದೆ. ಪಹಣಿಯಲ್ಲಿ ಕುಟುಂಬದ ಪಟ್ಟೇದಾರನ ಹೆಸರು ಮೊದಲು ಬರುತ್ತದೆ. ಅದರ ಕೆಳಗೆ ಇತರ ಹಕ್ಕುದಾರರ ಹೆಸರುಗಳಿರುತ್ತವೆ. ಕೋವಿ ಹೊಂದಲು ಪರವಾನಗಿ ಬೇಕಿಲ್ಲವೆಂಬ ವಿನಾಯಿತಿ ಕೊಡವ ಜನಾಂಗದವರ ಜೊತೆಗೆ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇದೆ. ಈ ವಿನಾಯಿತಿಪತ್ರ ಪಡೆಯಲು ಕುಟುಂಬವೊಂದು ಹಿಂದೆ ಜಿಲ್ಲಾ ಕಚೇರಿಗೆ ಸಲ್ಲಿಸಿದ ದಾಖಲೆಗಳೂ ಹಿಡುವಳಿಯ ಪುರಾವೆಯಾಗಿ ನೆರವಾಗುತ್ತವೆ.

ಇನಾಂ ತನಿಖೆಯ ದಾಖಲೆಗಳು

ಹತ್ತೊಂಬತ್ತನೆಯ ಶತಮಾನದ ಇನಾಂ ತನಿಖೆಗಳು ಕುಟುಂಬದ ಭೂಚರಿತ್ರೆಗೆ ಎಲ್ಲಕ್ಕಿಂತ ಬೆಲೆಯುಳ್ಳ ಆಕರಗಳು. ಬೊಂಬಾಯಿ ಪ್ರಾಂತದಲ್ಲಿ 1852ರ 11ನೆಯ ಕಾಯ್ದೆಯಡಿ ಇನಾಂ ಕಮಿಷನ್ ಕೆಲಸ ಮಾಡಿತು. ಸನದು ತೋರಿಸಲಾಗದ ಎಷ್ಟೋ ಕುಟುಂಬಗಳು ಆಗ ಇನಾಮು ಕಳೆದುಕೊಂಡವು. 1863ರ ಎರಡು ಕಾಯ್ದೆಗಳ ಬಳಿಕ, ಪೂರ್ಣ ಕಂದಾಯದ ಒಂದು ಪಾಲನ್ನು ತೆತ್ತು ಜಮೀನು ಉಳಿಸಿಕೊಳ್ಳುವ ದಾರಿ ತೆರೆಯಿತು. ಬಳ್ಳಾರಿಯಂಥ ಜಿಲ್ಲೆಗಳಿದ್ದ ಮದ್ರಾಸ್ ಪ್ರಾಂತದಲ್ಲಿ ಇನಾಂ ಕಮಿಷನ್ 1858ರಲ್ಲಿ ಆರಂಭವಾಯಿತು. ಮೈಸೂರು ಸಂಸ್ಥಾನದಲ್ಲೂ ಮುಂದೆ ಇದೇ ಮಾದರಿಯ ತನಿಖೆ ನಡೆಯಿತು.

ಮದ್ರಾಸ್ ಇನಾಂ ರಿಜಿಸ್ಟರಿನ ಒಂದು ಸಾಲು ಓದಿದರೆ ಇದರ ಬೆಲೆ ಅರಿವಾಗುತ್ತದೆ. ಹೊಲದ ಹೆಸರು ಮತ್ತು ವಿಸ್ತೀರ್ಣ, ಯಾವ ಸೇವೆಗಾಗಿ ದತ್ತಿ, ಕೊಟ್ಟವರು ಯಾರು, ಯಾವ ವರ್ಷ, ಮೂಲ ಪಡೆದವನ ಹೆಸರೇನು, ತನಿಖೆಯ ವೇಳೆ ಅನುಭವಿಸುತ್ತಿದ್ದವನ ಹೆಸರು, ವಯಸ್ಸು, ಅವನಿಗೂ ಮೂಲ ಪಡೆದವನಿಗೂ ಇರುವ ಸಂಬಂಧ ಇವೆಲ್ಲ ಒಂದೇ ಸಾಲಿನಲ್ಲಿ ಅಡ್ಡಕ್ಕೆ ಸಿಗುತ್ತವೆ. 1860ರ ದಶಕದಲ್ಲಿ ಮೊಮ್ಮಗನೊಬ್ಬ ಕೊಟ್ಟ ಹೇಳಿಕೆಯಿಂದ ಅವನ ತಾತ ಪಾಳೆಯಗಾರರ ದಂಡಿನಲ್ಲಿದ್ದ ಕಾಲಕ್ಕೆ ಹೋಗಿ ಮುಟ್ಟಬಹುದು. ಬೇರಾವ ಸರ್ಕಾರಿ ದಾಖಲೆಯೂ ಸಾಮಾನ್ಯ ಯೋಧನ ಕುಟುಂಬವನ್ನು ಇಷ್ಟು ಹಿಂದಕ್ಕೆ ಒಯ್ಯುವುದು ಅಪರೂಪ.

ತನಿಖೆ ಮುಗಿದ ಮೇಲೆ ಕಂದಾಯ ಪೂರ್ತಿ ಬಿಟ್ಟ ಭೂಮಿ ಸರ್ವಮಾನ್ಯವೆಂದೂ ಅಲ್ಪ ಕಂದಾಯ ಕಟ್ಟಬೇಕಾದ ಭೂಮಿ ಜೋಡಿ ಎಂದೂ ದಾಖಲಾಯಿತು. ಊರಿನ ಹೆಸರಿನ ಹಿಂದೆ ‘ಜೋಡಿ’ ಎಂಬ ವಿಶೇಷಣ ಉಳಿದಿದ್ದರೆ ಅದು ಇನಾಂ ಗ್ರಾಮವಾಗಿತ್ತೆಂದು ತಿಳಿಯಬೇಕು. ಆದರೆ ಇನಾಮುಗಳಲ್ಲಿ ದೇವಾದಾಯ, ಬ್ರಹ್ಮಾದಾಯ, ಕೆರೆಕಟ್ಟೆಯ ಕೊಡಗೆ ಎಂದು ಹಲವು ಬಗೆಯುಂಟು. ದತ್ತಿ ಸೈನಿಕ ಸೇವೆಯದೇ ಎಂಬುದನ್ನು ರಿಜಿಸ್ಟರಿನ ಸೇವಾವಿವರದಿಂದಲೇ ಖಚಿತಪಡಿಸಿಕೊಳ್ಳಬೇಕು.

ಇನಾಂ ರದ್ದತಿ

ಸ್ವಾತಂತ್ರ್ಯದ ನಂತರ ಈ ವಿಶೇಷ ಹಿಡುವಳಿಗಳು ಒಂದೊಂದಾಗಿ ಕೊನೆಗೊಂಡವು. ಹೈದರಾಬಾದ್ ಭಾಗದ ಜಹಗೀರುಗಳು 1949ರಲ್ಲಿ ರದ್ದಾದವು. ಬೊಂಬಾಯಿ ಭಾಗದ ಸರಂಜಾಮು ಮತ್ತು ರಾಜಕೀಯ ಇನಾಮುಗಳಿಗೆ 1952ರ ನಿಯಮಗಳು ಅನ್ವಯವಾದವು. ಮೈಸೂರು ರಾಜ್ಯದಲ್ಲಿ ವೈಯಕ್ತಿಕ ಮತ್ತು ಸಂಕೀರ್ಣ ಇನಾಮುಗಳ ರದ್ದತಿ ಕಾಯ್ದೆ 1954ರಲ್ಲಿ ಬಂತು. ಗ್ರಾಮ ಸೇವೆಗೆ ಹೊಂದಿಕೊಂಡ ವತನಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಕೊನೆಗೊಳಿಸಿತು. ಪ್ರತಿ ರದ್ದತಿಯಲ್ಲೂ ಹಕ್ಕುದಾರರು ಅರ್ಜಿ ಹಾಕಿ, ವಂಶಾವಳಿ ಸಲ್ಲಿಸಿ, ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು ಅಥವಾ ಮರುಮಂಜೂರು ಮಾಡಿಸಿಕೊಳ್ಳಬೇಕಿತ್ತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಹೋದ ಜಮೀನುಗಳ ವಿಷಯದಲ್ಲಿ ಭೂ ನ್ಯಾಯಮಂಡಳಿಯ ಕಡತಗಳೂ ಉಂಟು. ಹಳೆಯ ಇನಾಮಿಗೂ ಇಂದಿನ ಪಹಣಿಗೂ ನಡುವಿನ ಕೊಂಡಿ ಈ ಕಡತಗಳಲ್ಲಿದೆ. ಕೊಂಡಿ ತಪ್ಪಿದೆ ಎನಿಸಿದಾಗ ಮೊದಲು ನೋಡಬೇಕಾದುದೂ ಇವನ್ನೇ.

ಶೋಧದ ಕ್ರಮ

ಹುಡುಕಾಟ ಇಂದಿನಿಂದ ಹಿಂದಕ್ಕೆ ಸಾಗಬೇಕು. ಪ್ರಸಿದ್ಧ ವೀರನೊಬ್ಬನಿಂದ ಆರಂಭಿಸಿ ತಮ್ಮ ಮನೆಯವರೆಗೆ ದಾರಿ ಕಟ್ಟಲು ಹೊರಟವರು ಬಹುಪಾಲು ದಾರಿ ತಪ್ಪುತ್ತಾರೆ.

ಕಚೇರಿಯ ದಾಖಲೆಗಳಲ್ಲಿ ಮೊದಲ ಹೆಜ್ಜೆ ಪಹಣಿ. ಅದರ 9ನೆಯ ಅಂಕಣದಲ್ಲಿ ಕಬ್ಜೆದಾರರ ಹೆಸರು, 10ರಲ್ಲಿ ಜಮೀನು ಬಂದ ಬಗೆ, 11ರಲ್ಲಿ ಇತರ ಹಕ್ಕು ಮತ್ತು ಋಣಗಳು, 12ರಲ್ಲಿ ಸಾಗುವಳಿಯ ವಿವರ ಇರುತ್ತವೆ. ‘ಇನಾಂ ರದ್ದತಿ’, ‘ಮರುಮಂಜೂರು’, ‘ಜಮ್ಮಾ’ ಎಂಬ ನಮೂದು ಎಲ್ಲಾದರೂ ಕಂಡರೆ ಅದೇ ಮುಂದಿನ ಸುಳಿವು. ಭೂಮಿ ಯೋಜನೆಯಲ್ಲಿ ಗಣಕೀಕರಣಗೊಂಡ ಪಹಣಿಗಿಂತ ಹಿಂದಿನ ವರ್ಷಗಳಿಗೆ ಕೈಬರಹದ ಪಹಣಿ, ಮ್ಯುಟೇಶನ್ ವಹಿ ಮತ್ತು ಇಂಡೆಕ್ಸ್ ಆಫ್ ಲ್ಯಾಂಡ್ಸ್ ನೋಡಬೇಕು. ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಅರ್ಜಿ ಕೊಟ್ಟು ಇವುಗಳ ದೃಢೀಕೃತ ನಕಲು ಪಡೆಯಬಹುದು.

ಎರಡನೆಯ ಹೆಜ್ಜೆ ಭೂಮಾಪನ ದಾಖಲೆ. ಮೂಲ ಸರ್ವೆಯ ಟಿಪ್ಪಣಿ, ಆಕಾರಬಂದ್ ಮತ್ತು ಗ್ರಾಮನಕಾಶೆ ಹಳೆಯ ಹೊಲದ ಹೆಸರಿಗೂ ಸರ್ವೆ ನಂಬರಿಗೂ ಸಂಬಂಧ ಕಲ್ಪಿಸುತ್ತವೆ. ಒಂದೇ ಸರ್ವೆ ನಂಬರು ಮುಂದೆ ಹಿಸ್ಸಾಗಳಾಗಿ ಒಡೆದಿರುತ್ತದೆ. ಮರುಸರ್ವೆಯಲ್ಲಿ ನಂಬರೇ ಬದಲಾಗಿರುವುದೂ ಉಂಟು. ಆದ್ದರಿಂದ ಹಳೆಯ ನಂಬರು ಮತ್ತು ಹೊಸ ನಂಬರುಗಳನ್ನು ಎದುರುಬದುರಾಗಿ ಬರೆದಿಟ್ಟುಕೊಳ್ಳಬೇಕು. ಹೆಸರುಗಳು ಕೈತಪ್ಪಿದರೂ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಯ ವಿವರ, ದಾರಿ ತೋರಿಸುತ್ತದೆ. ಪಕ್ಕದ ಹೊಲದವರ ದಾಖಲೆಯಲ್ಲಿ ‘ಪಶ್ಚಿಮಕ್ಕೆ ಇಂಥವರ ಇನಾಂ ಜಮೀನು’ ಎಂದು ಬರೆದಿದ್ದರೆ ಅದೂ ಪುರಾವೆಯೇ.

ಮೂರನೆಯ ಹೆಜ್ಜೆ ಇನಾಂ ರಿಜಿಸ್ಟರು. ಇದನ್ನು ಎಲ್ಲಿ ಹುಡುಕಬೇಕೆಂಬುದು ಆ ಊರು ಹಿಂದೆ ಯಾವ ಆಡಳಿತದಲ್ಲಿತ್ತೆಂಬುದರ ಮೇಲೆ ನಿಂತಿದೆ. ಹಳೆಯ ಮೈಸೂರಿನ ಊರಾದರೆ ಜಿಲ್ಲಾ ಮತ್ತು ತಾಲ್ಲೂಕು ಕಚೇರಿಗಳ ಜೊತೆಗೆ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ. ಬೊಂಬಾಯಿ ಕರ್ನಾಟಕದ ಊರಾದರೆ ಪುಣೆಯ ಪೇಶವೆ ದಫ್ತರ. ಬಳ್ಳಾರಿ ಭಾಗಕ್ಕೆ ಚೆನ್ನೈನ ಪತ್ರಾಗಾರ. ಕಲಬುರಗಿ, ಬೀದರ, ರಾಯಚೂರು ಕಡೆಗೆ ಹೈದರಾಬಾದಿನ ಪತ್ರಾಗಾರ. ಪತ್ರಾಗಾರಗಳಿಗೆ ಹೋಗುವ ಮುನ್ನ ಗ್ರಾಮ, ಹೋಬಳಿ, ತಾಲ್ಲೂಕುಗಳ ಹಳೆಯ ಹೆಸರು ಮತ್ತು ಸರ್ವೆ ನಂಬರು ಕೈಯಲ್ಲಿರಬೇಕು. ಅಲ್ಲಿನ ಕಡತಗಳು ಊರಿನ ಪ್ರಕಾರ ಸಿಗುತ್ತವೆಯೇ ಹೊರತು ಮನೆತನದ ಪ್ರಕಾರ ಅಲ್ಲ.

ನಾಲ್ಕನೆಯದು ಮುದ್ರಿತ ಆಕರಗಳು. ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ತಾಲ್ಲೂಕುವಾರು ಶಾಸನಗಳನ್ನು ಕೊಡುತ್ತವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಲ್ಲಿ ಪಾಠ ಇನ್ನಷ್ಟು ಶುದ್ಧವಾಗಿದೆ. ಕರ್ನಲ್ ಮೆಕೆಂಜಿ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಬರೆಸಿ ಕೂಡಿಸಿದ ಕೈಫಿಯತ್ತುಗಳಲ್ಲಿ ಪಾಳೆಯಗಾರರ ಮನೆತನ, ಊರಿನ ಹುಟ್ಟು, ಉಂಬಳಿಗಳ ವಿವರ ಇದೆ. ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಕನ್ನಡ ಕೈಫಿಯತ್ತುಗಳು ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾಗಿವೆ.

ಮನೆಯಲ್ಲಿರುವ ಆಧಾರಗಳು

ಕಚೇರಿಯ ದಾಖಲೆಗೆ ಕೈಹಾಕುವ ಮುನ್ನ ಮನೆಯ ಅಟ್ಟ, ಪೆಟ್ಟಿಗೆಗಳನ್ನು ನೋಡಬೇಕು. ಸನದು, ತಾಮ್ರಪಟ, ಭೋಗ್ಯದ ಪತ್ರ, ವಿಭಾಗಪತ್ರ, ಕಂದಾಯದ ರಸೀದಿಗಳು ಸಿಗಬಹುದು. ಕೆಲವು ಹಳೆಯ ಮನೆತನಗಳಲ್ಲೂ ಮಠಗಳಲ್ಲೂ ಕಡತಗಳಿವೆ. ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿದ ಬಟ್ಟೆಯ ಉದ್ದನೆಯ ಪಟ್ಟಿಯೇ ಕಡತ. ಇದನ್ನು ಮಡಿಕೆ ಮಡಿಕೆಯಾಗಿ ಪುಸ್ತಕದಂತೆ ಮಡಚಿಟ್ಟು, ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಒದ್ದೆ ಬಟ್ಟೆಯಿಂದ ಒರೆಸಿದರೆ ಅಕ್ಷರ ಅಳಿಸಿಹೋಗುತ್ತದೆ. ಧೂಳು ತೆಗೆಯುವ ಆತುರದಲ್ಲಿ ಒರೆಸದೆ, ಮೊದಲು ಪ್ರತಿ ಮಡಿಕೆಯ ಛಾಯಾಚಿತ್ರ ತೆಗೆಯುವುದು ಒಳ್ಳೆಯದು.

ದಳವಾಯಿ, ಕಿಲ್ಲೇದಾರ, ಜಮಾದಾರ, ಸನದಿ, ನಾಯಕ ಮೊದಲಾದ ಅಡ್ಡಹೆಸರುಗಳು ಪೂರ್ವಿಕರ ಸೇವೆಯತ್ತ ಬೆರಳು ತೋರಿಸುತ್ತವೆ. ಊರಿನ ವೀರಗಲ್ಲಿಗೆ ವರ್ಷಕ್ಕೊಮ್ಮೆ ಪೂಜೆ ಸಲ್ಲಿಸುವ ಹಕ್ಕು ಒಂದೇ ಮನೆತನದ್ದಾಗಿದ್ದರೆ ಅದನ್ನೂ ಗಮನಿಸಬೇಕು. ಆದರೆ ಅಡ್ಡಹೆಸರಾಗಲಿ ಪೂಜೆಯ ಹಕ್ಕಾಗಲಿ ತಾನೊಂದೇ ಪುರಾವೆಯಾಗದು. ಹುದ್ದೆಯ ಹೆಸರು ಸಂಬಂಧವಿಲ್ಲದ ಹಲವು ಕುಟುಂಬಗಳಲ್ಲಿರುತ್ತದೆ. ಮಡಿದವನ ವಂಶ ಊರು ಬಿಟ್ಟ ಮೇಲೆ ಅವನ ಕಲ್ಲನ್ನು ಬೇರೆಯವರು ಪೂಜಿಸುತ್ತಿರಲೂಬಹುದು.

ಲಿಪಿ, ಕಾಲಗಣನೆ ಮತ್ತು ಅಳತೆ

ಬೊಂಬಾಯಿ ಕರ್ನಾಟಕದ ಹಳೆಯ ಕಾಗದಗಳು ಹೆಚ್ಚಾಗಿ ಮೋಡಿ ಲಿಪಿಯಲ್ಲಿವೆ. ಹೈದರಾಬಾದ್ ಭಾಗದವು ಪಾರಸಿ ಮತ್ತು ಉರ್ದುವಿನಲ್ಲಿವೆ. ಓದಬಲ್ಲವರು ಕಡಿಮೆಯಾಗುತ್ತಿರುವುದರಿಂದ ಮೂಲದ ಪ್ರತಿಯನ್ನೂ ಓದಿಸಿ ಬರೆಸಿದ ಪಾಠವನ್ನೂ ಜೊತೆಯಾಗಿ ಇಟ್ಟುಕೊಳ್ಳಬೇಕು. ಶಕವರ್ಷಕ್ಕೆ 78 ಕೂಡಿಸಿದರೆ, ಫಸಲಿ ವರ್ಷಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಕ್ರಿಸ್ತವರ್ಷ ಬರುತ್ತದೆ. ಸಂವತ್ಸರದ ಹೆಸರೊಂದೇ ಇದ್ದಲ್ಲಿ ಎಚ್ಚರ ಬೇಕು. ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಅಳತೆಯಲ್ಲೂ ಇಂಥದೇ ತೊಡಕು. ಖಂಡುಗ, ಕೊಳಗ ಮೂಲತಃ ಧಾನ್ಯದ ಅಳತೆಗಳು. ಅಷ್ಟು ಬೀಜ ಹಿಡಿಸುವ ನೆಲಕ್ಕೂ ಅದೇ ಹೆಸರು. ನೆಲದ ಗುಣಕ್ಕೆ, ಸೀಮೆಯ ರೂಢಿಗೆ ತಕ್ಕಂತೆ ವಿಸ್ತೀರ್ಣ ಬದಲಾಗುವುದರಿಂದ ಇವನ್ನು ಎಕರೆ–ಗುಂಟೆಗೆ ಒಂದೇ ಸೂತ್ರದಿಂದ ಇಳಿಸಲಾಗದು.

ಶೋಧದ ಮಿತಿ

ಹತ್ತೊಂಬತ್ತನೆಯ ಶತಮಾನದ ಇನಾಂ ರಿಜಿಸ್ಟರಿನವರೆಗೆ ಒಂದು ಕುಟುಂಬದ ಭೂಮಿಯನ್ನು ಸರಪಳಿ ಕಡಿಯದಂತೆ ಜೋಡಿಸುವುದು ಸಾಧ್ಯ. ಮೂಲ ಪಡೆದವನ ಹೆಸರು ಸಿಕ್ಕರೆ ಇನ್ನೂ ಎರಡು ಮೂರು ತಲೆಮಾರು ಹಿಂದಕ್ಕೆ ಹೋಗಬಹುದು. ಅದರಾಚೆ, ಶಾಸನದ ವೀರನಿಗೂ ಇಂದಿನ ಕುಟುಂಬಕ್ಕೂ ನಡುವೆ ದಾಖಲೆಯ ಕೊಂಡಿ ಬಹುತೇಕ ಇರುವುದಿಲ್ಲ. ಶಾಸನ ಊರಿನ ಚರಿತ್ರೆಯನ್ನು ಹೇಳುತ್ತದೆ. ಅದನ್ನು ಮನೆತನದ ಚರಿತ್ರೆ ಎನ್ನಲು ಬೇರೆ ಆಧಾರ ಬೇಕು. ಹಳೆಯ ದತ್ತಿ ಪತ್ತೆಯಾದ ಮಾತ್ರಕ್ಕೆ ಇಂದಿನ ಕಾನೂನಿನಲ್ಲಿ ಜಮೀನಿನ ಹಕ್ಕೂ ಬರುವುದಿಲ್ಲ. ಇನಾಂ ರದ್ದತಿ, ಭೂಸುಧಾರಣೆ, ಕ್ರಯ, ವಿಭಾಗಗಳ ನಂತರ ಹಕ್ಕನ್ನು ನಿರ್ಧರಿಸುವುದು ಆ ಕಾಯ್ದೆಗಳ ಆದೇಶಗಳೂ ಈಚಿನ ದಾಖಲೆಗಳೂ.

ಈಚಿನ ಮಂಜೂರಾತಿಗಳು

ಸೈನಿಕರಿಗೆ ಭೂಮಿ ಕೊಡುವ ಪದ್ಧತಿ ಬೇರೆ ರೂಪದಲ್ಲಿ ಮುಂದುವರಿದಿದೆ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಸರ್ಕಾರಿ ಜಮೀನಿನಲ್ಲಿ ಪಾಲು ಕಾದಿರಿಸಲಾಗಿದೆ. ತಂದೆಗೋ ತಾತನಿಗೋ ಹೀಗೆ ಮಂಜೂರಾದ ಜಮೀನನ್ನು ಹುಡುಕುವವರು ದರಖಾಸ್ತು ಕಡತ, ಮಂಜೂರಾತಿ ಆದೇಶ, ಸಾಗುವಳಿ ಚೀಟಿ ಮತ್ತು ಪೋಡಿ (ಜಮೀನನ್ನು ಅಳೆದು ಬೇರ್ಪಡಿಸಿದ) ದಾಖಲೆಗಳನ್ನು ನೋಡಬೇಕು. ಅರ್ಜಿಗೆ ಲಗತ್ತಿಸಿದ ಸೇವಾ ಬಿಡುಗಡೆಪತ್ರದಲ್ಲಿ ಸೈನಿಕನ ರೆಜಿಮೆಂಟಿನ ಸಂಖ್ಯೆ, ಹುದ್ದೆ, ಸೇವಾವಧಿ ಸಿಗುತ್ತವೆ. ಮಂಜೂರಾತಿಯಲ್ಲಿ ಪರಭಾರೆ ನಿಷೇಧದ ಷರತ್ತು ಇರುವುದರಿಂದ, ಆ ಅವಧಿಯೊಳಗೆ ಜಮೀನು ಕೈಬದಲಾಗಿದ್ದರೆ ಅದರ ಊರ್ಜಿತತೆಯನ್ನೂ ಪರಿಶೀಲಿಸಬೇಕಾಗುತ್ತದೆ. ಆದೇಶವಾಗಿಯೂ ಪೋಡಿಯಾಗದೆ ಉಳಿದ ಪ್ರಕರಣಗಳಲ್ಲಿ ಮೂಲ ಮಂಜೂರಾತಿ ಕಡತವೇ ವಾರಸುದಾರರಿಗೆ ಮುಖ್ಯ ಆಧಾರ. ಅದರ ದೃಢೀಕೃತ ನಕಲನ್ನು ಮೊದಲು ಪಡೆದು, ನಂತರ ಅಳತೆಗೂ ಖಾತೆ ಬದಲಾವಣೆಗೂ ಅರ್ಜಿ ಸಲ್ಲಿಸುವುದು ಕ್ರಮ.